ನೀಲಿ ಗೆರೆ ದಾಟಿದ ನೀರು

ಕೊನೆಯ ಚಿತ್ರ ಪರದೆಯ ಮೇಲೆ ನಿಂತೇ ಇತ್ತು, ಅದನ್ನು ತೆಗೆಯಬೇಕೆಂಬುದು ಅರ್ಜುನನಿಗೆ ಹೊಳೆದಿರಲಿಲ್ಲ. ಎಡಕ್ಕೆ ಒಂದೇ ಗಂಟಿನಿಂದ ಹೊರಟ ಗೆರೆಗಳು ಬಲಕ್ಕೆ ಹೋಗುತ್ತ ಹೋಗುತ್ತ ಕಸಬರಿಗೆಯ ಕಡ್ಡಿಗಳಂತೆ ಬಿಚ್ಚಿಕೊಂಡಿದ್ದವು. ಗಂಟು ಎಂದರೆ ಇವತ್ತು. ಬಿಚ್ಚಿದ ತುದಿ ಎಂದರೆ ಈ ಶತಮಾನದ ಕೊನೆ. ಅಷ್ಟು ಹೊತ್ತಿಗೆ ಸಮುದ್ರ ಒಂದೂವರೆ ಅಡಿ ಏರಿರಬಹುದು, ಮೂರು ಅಡಿ ಏರಿರಬಹುದು, ಎಲ್ಲದಕ್ಕಿಂತ ಮೇಲೆ ಒಂಟಿಯಾಗಿ ನಿಂತ ಆ ಒಂದು ಕಡ್ಡಿ ಹೇಳುವಂತೆ ಆರು ಅಡಿಯೂ ಏರಿರಬಹುದು. ದಕ್ಷಿಣ ಧ್ರುವದಲ್ಲಿ ಮೈಲಿಗಟ್ಟಲೆ ದಪ್ಪದ ಹಿಮದ ಹಾಸು ಬಿದ್ದಿದೆ, ಅದರ ತಳವನ್ನು ಕಣ್ಣಾರೆ ಕಂಡವರಿಲ್ಲ, ಬೆಚ್ಚಗಿನ ಸಮುದ್ರದ ನೀರು ಅಡಿಯಿಂದ ಅದನ್ನು ಎಷ್ಟು ಬೇಗ ತಿನ್ನುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಬಲ್ಲವರೂ ಇಲ್ಲ. ಇದನ್ನು ಅವನು ನಲವತ್ತು ನಿಮಿಷ ಚೆನ್ನಾಗಿಯೇ ಹೇಳಿದ್ದ. ಚೆನ್ನಾಗಿ ಹೇಳುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಕಷ್ಟ ಶುರುವಾಗುತ್ತಿದ್ದದ್ದು ಯಾರಾದರೂ ಪ್ರಶ್ನೆ ಕೇಳಲು ಎದ್ದಾಗ. ಬೆಲ್ಲದ ಬಾಗೇವಾಡಿಯ ಆ ಕಾಲೇಜಿನಲ್ಲಿ, ಪರಿಸರ ದಿನದ ಆ ಬೆಳಿಗ್ಗೆ, ಮೂರನೆಯ ಸಾಲಿನಿಂದ ಎದ್ದವಳು ಶಿವಾನಿ ಎಂಬ ಹುಡುಗಿ. ವಹಿಯ ಮೇಲೆ ಪೆನ್ನು ಹಿಡಿದುಕೊಂಡೇ ಎದ್ದಿದ್ದಳು.

"ಸರ್, ಒಂದೂವರಿ ಅಂದ್ರಿ, ಮೂರು ಅಂದ್ರಿ, ಆರೂ ಆಗಬಹುದು ಅಂದ್ರಿ. ಇದರಾಗ ಖರೆ ಯಾವುದ್ರಿ?"

"ಮೂರೂ ಆಗಬಹುದವ್ವಾ. ನಡುವಿಂದು ಆಗೂ ಸಾಧ್ಯತೆ ಹೆಚ್ಚು, ಅಷ್ಟ."

"ಹಂಗಾರ ನಡುವಿಂದ ಬರಕೊಳ್ಳೇನ್ರಿ?"

ಹುಡುಗರು ನಕ್ಕರು. ಅವಳು ನಗಲಿಲ್ಲ, ಕೂತು ವಹಿಯಲ್ಲಿ ಮೂರು ಎಂದು ಬರೆದು ಸುತ್ತ ಒಂದು ಸೊನ್ನೆ ಹಾಕಿದಳು. ವೇದಿಕೆಯ ಮೇಲಿಂದ ಅದು ಕಾಣದಷ್ಟು ದೂರವೇನೂ ಇರಲಿಲ್ಲ. ಸೊನ್ನೆ ಹಾಕಬೇಡ ಎನ್ನಬೇಕೆಂದು ಅರ್ಜುನನಿಗೆ ಅನ್ನಿಸಿತು. ಅಷ್ಟರಲ್ಲಿ ಪ್ರಾಚಾರ್ಯ ರಾಚಪ್ಪನವರು ಮೈಕಿಗೆ ಬಂದು, ಸರ್ ಭಾಳ ಚೊಲೊ ತಿಳಿಸಿಕೊಟ್ರು, ನಮ್ಮ ಗೋಕಾಕ ಹುಕ್ಕೇರಿ ಸಮುದ್ರಕ್ಕಿಂತ ಸಾವಿರಾರು ಅಡಿ ಎತ್ತರದಾಗ ಅದಾವ, ಹಿಂಗಾಗಿ ನಾವ್ಯಾರೂ ಅಂಜೂ ಕಾರಣ ಇಲ್ಲ, ಆದ್ರೂ ಎಲ್ಲಾರೂ ಮನಿಗೊಂದು ಗಿಡ ಹಚ್ಚಬೇಕು ಅಂತ ಸರ್ ಅಭಿಪ್ರಾಯ ಐತಿ, ಎಂದು ಸಾರಾಂಶ ಮಾಡಿದರು. ಗಿಡದ ಮಾತನ್ನು ಅವನು ಎತ್ತಿಯೇ ಇರಲಿಲ್ಲ. ಚಪ್ಪಾಳೆ ಬಿತ್ತು. ಹೆಗಲ ಮೇಲೆ ಒಂದು ಶಾಲು ಬಿತ್ತು. ಆರು ವರ್ಷ ಹಿಮದ ಮೇಲೆ ಸಂಶೋಧನೆ ಮಾಡಿದವನ ಹೆಗಲಿಗೆ ಜೂನ್ ತಿಂಗಳ ಸೆಕೆಯಲ್ಲಿ ಉಣ್ಣೆಯ ಶಾಲು ಹೊದಿಸುವುದರಲ್ಲಿ ಏನೋ ಒಂದು ನ್ಯಾಯ ಇದ್ದಿರಬೇಕು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಗೋಕಾಕದಲ್ಲಿ ಬಸ್ಸು ಬದಲಿಸಿ ಮಸಗುಪ್ಪಿಗೆ ಹೋಗಬೇಕು, ನಾಲ್ಕು ಗಂಟೆಯೊಳಗೆ. ಬೆಳಿಗ್ಗೆ ಅತ್ತೆ ಫೋನು ಮಾಡಿದ್ದಳು. ಅತ್ತೆ ಎಂದರೆ ಅಪ್ಪನ ತಂಗಿ ಗುಡ್ಡವ್ವ, ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದವಳು. "ಪಂಚಾಯ್ತಿಯವ್ರು ಐದಕ್ಕ ಬರ್ತಾರ. ಇವತ್ತ ಕಡೀ ದಿನ ಅಂತ. ಕಾಗದಕ್ಕ ಸಹಿ ಹಾಕಿದ್ರ ಮಡ್ಡಿ ಮ್ಯಾಲ ಜಾಗಾ, ಇಲ್ಲಾಂದ್ರ ಹೆಸರ ಹೊಡದ ಹಾಕ್ತಾರ. ನೀ ಬಂದ ಹೇಳಿದ್ಮ್ಯಾಲ ನಾ ಏನಾರ ಮಾಡಾಕಿ" ಎಂದಿದ್ದಳು. ಮಡ್ಡಿ ಎಂದರೆ ಊರಾಚೆಯ ಕಲ್ಲುದಿಬ್ಬ. ಹೊಳೆ ಎಷ್ಟೇ ಕುಣಿದರೂ ಅಲ್ಲಿಗೆ ಬರುವುದಿಲ್ಲ. ಅವಳಿಗೆ ಹೇಳಬೇಕಾದದ್ದು ಮೂರೇ ಮಾತು. ಮಾವ ಹೇಳಿದ್ದು ಖರೆ ಇತ್ತು. ನಾ ಹೇಳಿದ್ದು ತಪ್ಪಿತ್ತು. ಮಡ್ಡಿಗಿ ಹೋಗು. ಆರು ವರ್ಷದಿಂದ ಈ ಮೂರು ಮಾತನ್ನು ಅವನು ಬಾಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ. ಮೂರನೆಯದನ್ನು ಮಾತ್ರ ಹೇಳಿ ಮೊದಲೆರಡನ್ನು ನುಂಗಿಬಿಡಲು ಬರುತ್ತದೆಯೇ ಎಂದು ಕೂಡ ಹಲವು ಸಲ ಲೆಕ್ಕ ಹಾಕಿದ್ದ, ಅದೂ ಸುಳ್ಳಲ್ಲ.

ಎರಡು ಸಾವಿರದ ಐದರಲ್ಲಿ ಮೊದಲ ಸಲ ಹೊಳೆ ಕೇರಿಗೆ ಬಂದಾಗ ಅವನಿಗೆ ಡಾಕ್ಟರೇಟು ಬಂದು ಮೂರು ತಿಂಗಳು. ಆ ಡಾಕ್ಟರೇಟಿಗೆ ಕೇರಿಯವರು ಹಲಗಿ ಬಾರಿಸಿ ಅವನನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿ ಊರೊಳಗಿನ ಹಾದಿಯಲ್ಲಿಯೇ ಮೆರವಣಿಗೆ ಮಾಡಿದ್ದರು, ಯಾವ ಹಾದಿಯಲ್ಲಿ ಅವನ ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದನೋ ಅದೇ ಹಾದಿಯಲ್ಲಿ. ಯಾವುದರ ಮೇಲೆ ಡಾಕ್ಟರೇಟು ಎಂದು ಕೇಳಿದವರಿಗೆ ಅತ್ತೆ, ಬರ್ಫದ ಮ್ಯಾಲ, ಎಂದು ಹೇಳುತ್ತಿದ್ದಳು. ಸಂತೆಯಲ್ಲಿ ಸಿಗುವ ಬರ್ಫದ ಕಡ್ಡಿ ಅವರ ಕಣ್ಣ ಮುಂದೆ ಬರುತ್ತಿದ್ದಿರಬೇಕು, ಆದರೂ ಯಾರೂ ನಗುತ್ತಿರಲಿಲ್ಲ. ನೀರು ಆ ಸಲ ಕೇರಿಯ ಬೌದ್ಧ ವಿಹಾರದ ಗೋಡೆಗೆ ಮೊಣಕಾಲಿನ ಮಟ್ಟಕ್ಕೆ ಬಂದು ಮೂರು ದಿನ ನಿಂತು ಇಳಿಯಿತು. ಮಡ್ಡಿಯ ಮೇಲೆ ಜಾಗ ಕೊಡುತ್ತೇವೆ ಹೋಗುತ್ತೀರೋ ಎಂದು ಆಗಲೂ ಕೇಳಿದ್ದರು. ಕೇರಿಯವರು ವಿಹಾರದಲ್ಲಿ ಸೇರಿದರು. ಹೋಗುವುದು ಯಾರಿಗೂ ಬೇಕಿರಲಿಲ್ಲ. ಮೊದಲೇ ಊರ ಹೊರಗೆ ಇದ್ದೇವೆ, ಈಗ ಹೊರಗಿನ ಹೊರಗೆ ಹಾಕುತ್ತಾರೆ ಎಂಬ ಮಾತು ಬಂತು, ಆ ಮಾತು ತಪ್ಪೂ ಆಗಿರಲಿಲ್ಲ. ಅತ್ತೆಯ ಗಂಡ ಭೀಮಶಿ ಮಾವ ಮಾತ್ರ ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಹೊಳಿ ನಮ್ಮ ಮನಿ ನೋಡೇತಿ. ಒಮ್ಮೆ ನೋಡಿದ ಮನಿಗಿ ಮತ್ತ ಬರತೈತಿ. ಮಡ್ಡಿಗಿ ಹೋಗೂಣು ನಡೀರಿ" ಎಂದ. ಎಲ್ಲರೂ ಅರ್ಜುನನ ಕಡೆ ತಿರುಗಿದರು. ಅರ್ಜುನ ನಗುತ್ತ, "ಮಾವಾ, ಹೊಳಿಗೇನ ಕಣ್ಣ ಅದಾವೇನು?" ಎಂದ. ವಿಹಾರಕ್ಕೆ ವಿಹಾರವೇ ನಕ್ಕಿತು. ಮಾವನೂ ನಕ್ಕ. ಹಾಗೆ ನಗುವಾಗ ಅವನ ಕೈ ಸುಮ್ಮನೆ ನೆಲದ ಮೇಲಿನ ಕಡ್ಡಿಯೊಂದನ್ನು ಎತ್ತಿಕೊಂಡು ಮುರಿಯಿತು, ಅದು ಅರ್ಜುನನಿಗೆ ಈಗಲೂ ಕಾಣುತ್ತದೆ.

ಅವತ್ತು ಅವನು ಬರಿಗೈಯಲ್ಲಿ ಬಂದಿರಲಿಲ್ಲ. ನಲವತ್ತು ವರ್ಷದ ಹೊಳೆಯ ಲೆಕ್ಕ ತಂದು, ಮೂರು ದಿನ ಕೂತು, ಮುಂದಿನ ಹೊಳೆಗಳು ಎಷ್ಟು ಎತ್ತರ ಬರಬಹುದೆಂದು ಗೆರೆ ಎಳೆದು ನೋಡಿದ್ದ. ಅಲ್ಲಿಯೂ ಕಸಬರಿಗೆಯೇ. ಹೆಚ್ಚಿನ ಕಡ್ಡಿಗಳು ಮೊಣಕಾಲು ತೊಡೆಯ ನಡುವೆ ಇದ್ದವು. ಒಂದು ಕಡ್ಡಿ ಮಾತ್ರ ಕೊರಳಿನವರೆಗೆ ಏರಿ, ಅದನ್ನೂ ದಾಟಿ ಹೋಗಿತ್ತು. ಆ ಕಾಗದವನ್ನು ಅವನು ಮಡಚಿ ಕಿಸೆಯಲ್ಲೇ ಇಟ್ಟ. ಆರು ವರ್ಷ ಆ ಒಂದು ಕಡ್ಡಿಯ ಬಗ್ಗೆಯೇ ಪ್ರಬಂಧ ಬರೆದವನು, ಅಪರೂಪಕ್ಕೆ ಆಗುವುದನ್ನೇ ಅಂಜಬೇಕು ಎಂದು ಪರದೇಶದವರಿಗೆ ಕೂಡ ತಿದ್ದಿ ಹೇಳಿದವನು, ತನ್ನ ಜನರ ಮುಂದೆ ನಿಂತಾಗ ಅದನ್ನು ಬಚ್ಚಿಟ್ಟ. ಯಾಕೆ ಎಂಬುದಕ್ಕೆ ಅವನು ವರ್ಷಗಟ್ಟಲೆ ಒಳ್ಳೊಳ್ಳೆಯ ಕಾರಣ ಹುಡುಕಿದ. ಗಾಬರಿ ಹುಟ್ಟಿಸಬಾರದಿತ್ತು, ಕೇರಿ ಒಡೆಯಬಾರದಿತ್ತು, ಹೀಗೆ. ಖರೇ ಕಾರಣ ಒಂದೇ. ನಮ್ಮವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಊರೊಳಗಿನವರು ನೂರಾರು ವರ್ಷ ಕೇರಿಯ ಬಗ್ಗೆ ಹೇಳಿಕೊಂಡು ಬಂದ ಮಾತನ್ನು ಅವನು ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಏಪ್ರಿಲಿನ ಜಯಂತಿಗೆ ತಂದು ಉಳಿದಿದ್ದ ನೀಲಿ ಬಣ್ಣದ ಡಬ್ಬಿ ತರಿಸಿ, ವಿಹಾರದ ಗೋಡೆಯ ಮೇಲೆ ನೀರಿನ ಕಲೆಗಿಂತ ಒಂದೂವರೆ ಅಡಿ ಮೇಲೆ, ಟೊಂಕದ ಮಟ್ಟಕ್ಕೆ, ಒಂದು ಗೆರೆ ಎಳೆದ. "ಇದರ ಮ್ಯಾಲ ಪಾಯಾ ಎಬ್ಬಿಸಿ ಕಟ್ಟ್ರಿ. ಇಲ್ಲೀ ತನಕ ನೀರ ಬರೂದಿಲ್ಲ." ಬರಲಿಕ್ಕಿಲ್ಲ ಎಂದು ಕೂಡ ಅನ್ನಲಿಲ್ಲ. ಕೇರಿಯ ಅಷ್ಟೂ ಮನೆಗಳು ಆ ಗೆರೆಗೆ ದಾರ ಹಿಡಿದು ಮೇಲೆದ್ದವು. ಹದಿನಾಲ್ಕು ವರ್ಷ ನೀರು ಆ ಗೆರೆಯನ್ನು ಮುಟ್ಟಲಿಲ್ಲ, ಪ್ರತಿ ಜಯಂತಿಗೆ ಗೋಡೆಗೆ ಸುಣ್ಣ ಹಚ್ಚುವಾಗ ಅದನ್ನು ಬಿಟ್ಟು ಹಚ್ಚುತ್ತಿದ್ದರು.

ಗೋಕಾಕದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯಲು ನಿಂತಾಗ ಅಮೀನಸಾಬರು ಕಂಡರು. ಪೇಟೆಯಲ್ಲಿ ಅವರದು ಬಟ್ಟೆಯ ಅಂಗಡಿ, ಎರಡು ಸಾವಿರದ ಹತ್ತೊಂಬತ್ತರ ಹೊಳೆಯಲ್ಲಿ ಎದೆಮಟ್ಟ ನೀರು ನಿಂತಿದ್ದ ಅಂಗಡಿ. ನಮಸ್ಕಾರ ಮಾಡಿದವರೇ, "ಏನ್ರಿ ಸರ್, ಈ ವರ್ಷ ಹೊಳಿ ಹೆಂಗ?" ಎಂದು ಕೇಳಿದರು. ಜೂನ್ ಬಂತೆಂದರೆ ಇದನ್ನು ಕೇಳದವರು ಊರಲ್ಲಿ ಉಳಿದಿರಲಿಲ್ಲ. ಕ್ಷೌರಕ್ಕೆ ಕೂತರೂ ಕೇಳುತ್ತಿದ್ದರು.

"ಹೇಳಾಕ ಬರೂದಿಲ್ರಿ ಸಾಬ್ರ" ಎಂದ ಅರ್ಜುನ.

"ನಿಮಗ ಬರದಿದ್ರ ಇನ್ಯಾರಿಗೆ ಬರತೈತ್ರಿ?" ಎಂದು ಅವರು ನಕ್ಕರು, ಕುಹಕವಿಲ್ಲದೆ. "ನಾ ಅಂತೂ ಕೇಳೂದು ಬರೇ ಬಾಯಿ ಚಟಕ್ಕ ನೋಡ್ರಿ. ಮಿರಗದ ಮಳಿ ಕೂಡಿತು ಅಂದ್ರ ಅಷ್ಟೂ ಮಾಲು ಮಾಳಗಿಗೆ ಏರಿಸಿಬಿಡ್ತೀನಿ, ದಸರಾ ಮುಗಿಯೂ ತನಕ ಇಳಸೂದಿಲ್ಲ. ಹೊಳಿ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ. ಮಕ್ಕಳು ನಗತಾರ, ನಗಲಿ."

ಅರ್ಜುನ ಕಪ್ಪನ್ನು ಕೆಳಗಿಟ್ಟ. ನಲವತ್ತು ನಿಮಿಷ ಪರದೆಯ ಮುಂದೆ ನಿಂತು ಅವನು ಹೇಳಲು ಹೆಣಗಿದ್ದೂ ಇದನ್ನೇ. ಗೊತ್ತಿಲ್ಲ ಎಂಬುದು ಸುಮ್ಮನೆ ಕೂಡುವುದಕ್ಕೆ ಕಾರಣವಲ್ಲ, ಮಾಲನ್ನು ಮೇಲೆ ಏರಿಸುವುದಕ್ಕೆ ಕಾರಣ. ಮೂರನೆಯ ಇಯತ್ತೆ ಓದಿದ ಅಮೀನಸಾಬರು ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಿದರು, ಮೇಲೆ ಚಹಾದ ಹಣವನ್ನೂ ಅವರೇ ಕೊಟ್ಟರು.

ಮಸಗುಪ್ಪಿಯ ಬಸ್ಸು ಹೊಳೆಯ ಸೇತುವೆ ಹಾಯ್ದಾಗ ಅವನು ಇನ್ನೊಂದು ಕಡೆ ಮುಖ ಮಾಡಿದ. ಆದರೂ ಹೊಳೆ ಕಂಡಿತು. ಘಟಪ್ರಭೆ ಈಗ ಕಲ್ಲು ಕಲ್ಲು, ನಡುವೆ ಹಸಿರು ಪಾಚಿಯ ನೀರು, ಎಮ್ಮೆಗಳು. ಈ ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟುವವರು ಭೀಮಶಿ ಮಾವನನ್ನು ಕರೆಯುತ್ತಿದ್ದರು. ಅವನು ಧೋತರ ಮೇಲೆ ಕಟ್ಟಿ ಬಿದಿರು ಗಳ ಹಿಡಿದು ಮೊದಲು ಇಳಿಯುತ್ತಿದ್ದ. ಗಳ ಬರೀ ಆಸರೆಗೆ, ಅಳತೆ ಅವನ ಮೈಯೇ. ಮೊಣಕಾಲು, ತೊಡೆ, ಟೊಂಕ, ಎದೆ, ಕೊರಳು, ಆಮೇಲೆ ಒಂದಾಳು. ತಿರುಗಿ ಬಂದು ದಂಡೆಯ ಮೇಲೆ ನಿಂತವರಿಗೆ ಹೇಳುತ್ತಿದ್ದ, "ಟೊಂಕದ ಮ್ಯಾಲ ಐತಿ, ಆಳಿನ ಒಳಗ ಐತಿ. ನಡುವ ತಗ್ಗ ಇದ್ರೂ ಇರಬೌದು. ಕೂಸು ಹೊತ್ತಾಕಿ ಇವತ್ತ ಬ್ಯಾಡ." ಯಾವತ್ತೂ ಒಂದೇ ಅಳತೆ ಹೇಳಿದವನಲ್ಲ. ಇಲ್ಲಿಂದ ಇಲ್ಲಿಯವರೆಗೆ ಎನ್ನುತ್ತಿದ್ದ, ಮೇಲೆ ತಗ್ಗಿನ ಮಾತು ಸೇರಿಸುತ್ತಿದ್ದ. ದಂಡೆಯ ಮೇಲಿನವರಿಗೆ ಅದು ತಿಳಿಯುತ್ತಿತ್ತು. ಕೂಸು ಹೊತ್ತವಳು ಹಿಂದೆ ಉಳಿಯುತ್ತಿದ್ದಳು, ಗಟ್ಟಿಮುಟ್ಟಾದವರು ಅವನ ಹಿಂದೆ ಇಳಿಯುತ್ತಿದ್ದರು. ಇದನ್ನು ಎಂಟು ವರ್ಷದ ಅರ್ಜುನ ಮಾವನ ಹೆಗಲ ಮೇಲೆ ಕೂತು ನೋಡಿದ್ದ. ಕಸಬರಿಗೆಯ ಚಿತ್ರವನ್ನು ಅವನು ಮೊದಲು ಕಂಡದ್ದು ವಿಶ್ವವಿದ್ಯಾಲಯದಲ್ಲಲ್ಲ, ಆ ಹೆಗಲ ಮೇಲೆ. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರೆ, ಅವನು ಹೊಳೆಯನ್ನು ಅಳೆದವನ ಮುಖಕ್ಕೇ ನಗು ಸುರಿದಿದ್ದ.

ಹತ್ತೊಂಬತ್ತರ ಆಗಸ್ಟಿನಲ್ಲಿ ನೀರು ವಿಹಾರದ ಗೋಡೆಗೆ ಕೊರಳಿನ ಮಟ್ಟಕ್ಕೆ ಬಂತು. ಅವನ ಕಾಗದದ ಆ ಒಂದು ಕಡ್ಡಿ. ಗೆರೆಗೆ ಹಿಡಿದು ಕಟ್ಟಿದ ಮನೆಗಳೊಳಗೆ ಮೊಣಕಾಲ ಮೇಲೆ ನೀರು. ಆಗ ಅವನು ಹಿಮದ ಬಗ್ಗೆಯೇ ಒಂದು ಸಮ್ಮೇಳನಕ್ಕೆ ಹೈದರಾಬಾದಿಗೆ ಹೋಗಿದ್ದ, ರಸ್ತೆ ಬಂದಾಗಿ ಐದು ದಿನ ಅಲ್ಲೇ ಉಳಿದ. ದೋಣಿ ಬಂದಾಗ ಬಹಳ ಮಂದಿ ಹೊರಬಿದ್ದರಂತೆ, ಅತ್ತೆ ಮಾವ ಮಾತ್ರ ಉಳಿದರಂತೆ. ಮಾವನಿಗೆ ಎಂಬತ್ತರ ಹತ್ತಿರ. ಟ್ರಂಕಿನ ಮೇಲೆ ಟ್ರಂಕು ಇಟ್ಟು ಅದರ ಮೇಲೆ ಅವನನ್ನು ಕೂಡಿಸಿದ್ದಳಂತೆ, ಒದ್ದೆ ಬಟ್ಟೆಯಲ್ಲಿ ಒಂದು ಹಗಲು ಒಂದು ರಾತ್ರಿ. ಮಾರನೆಯ ದಿನ ಇಬ್ಬರನ್ನೂ ಎತ್ತಿ ತಂದರು. ಎಂಟನೆಯ ದಿನ ಪರಿಹಾರ ಕೇಂದ್ರದಲ್ಲಿ, ಸಾಲೆಯ ವರ್ಗದ ಕೋಣೆಯಲ್ಲಿ, ಎದೆಯಲ್ಲಿ ಕಫ ಕಟ್ಟಿ ಮಾವ ಹೋದ. ನೀರಿನಲ್ಲಿ ಸತ್ತವರ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ, ವಯಸ್ಸಾಗಿತ್ತು ಎಂದು ಎಲ್ಲರೂ ಅಂದರು. ಅರ್ಜುನನೂ ಅಂದ. ಹೊಳೆಯ ದಂಡೆಯ ಮೇಲೆ ಮಣ್ಣು ಕೊಡುವಾಗ ಅತ್ತೆಯ ಕೈ ಹಿಡಿದು ಅದನ್ನೇ ಅಂದ. ಈ ಮಾತು ನೆನಪಾದಾಗಲೆಲ್ಲ ಅವನಿಗೆ ತನ್ನ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಕೇರಿಯಲ್ಲಿ ಈಗ ಉಳಿದಿದ್ದವು ಏಳೆಂಟು ಮನೆ. ಬಿದ್ದ ಮನೆಗಳ ಪಾಯಗಳು ಮಾತ್ರ ಟೊಂಕದೆತ್ತರ, ಎಲ್ಲ ಒಂದೇ ಮಟ್ಟಕ್ಕೆ, ದಾರ ಹಿಡಿದಂತೆ ನಿಂತಿದ್ದವು. ಅಷ್ಟು ಅಚ್ಚುಕಟ್ಟಾದ ತಪ್ಪನ್ನು ಅವನು ಬೇರೆಲ್ಲೂ ನೋಡಿರಲಿಲ್ಲ. ಆರು ವರ್ಷದಿಂದ ತಗಡಿನ ಶೆಡ್ಡಿನಲ್ಲಿದ್ದ ಗುಡ್ಡವ್ವ ವಿಹಾರದ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಆ ಕಾಗದ. ಪಕ್ಕದಲ್ಲಿ ಮನೆ ಕಟ್ಟುವ ಗೌಂಡಿ ಹನಮಂತ, ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ದಾರದ ಉಂಡೆ. ಇನ್ನೂ ನಾಲ್ಕಾರು ಮಂದಿ ಬೇವಿನ ನೆರಳಲ್ಲಿ ಇದ್ದರು. ಸಹಿ ಹಾಕುವ ದಿನ ಗೌಂಡಿಗೆ ಇಲ್ಲೇನು ಕೆಲಸ ಎಂದು ಅರ್ಜುನನಿಗೆ ಅರ್ಥವಾಗಲಿಲ್ಲ. ಅತ್ತೆ ಇಲ್ಲೇ ಮತ್ತೆ ಮನೆ ಕಟ್ಟಿಸಲು ಹೊರಟಿದ್ದಾಳೆ ಎಂಬುದು ಆಮೇಲೆ ಹೊಳೆಯಿತು.

"ಬಾಪಾ" ಎಂದಳು ಅತ್ತೆ. "ಬಿಸಲಾಗ ಬಂದಿ. ನೀರ ಕುಡಿ." ಅವನು ಕುಡಿದ. ಏನು ಮಾಡಬೇಕೋ ತೋಚದೆ ಶಾಲನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಬಿಚ್ಚಿ ನೋಡಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ರಿ, ಬಾಗೇವಾಡಿಯಾಗ ಹೊಚ್ಚ್ಯಾರ" ಎಂದಳು. ಬೇವಿನ ನೆರಳಿನವರು ತಲೆಯಾಡಿಸಿದರು. ಅವರಲ್ಲೊಬ್ಬ, ನೀರಿಗೆ ಮನೆ ಕಳಕೊಂಡವನು, ಮೆಲ್ಲಗೆ, "ಗೆರಿ ಹಾಕಿದ ಸರ್ ಅಲ್ರಿ" ಎಂದು ಇನ್ನೊಬ್ಬನಿಗೆ ಪರಿಚಯ ಮಾಡಿದ. ದನಿಯಲ್ಲಿ ಕಹಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು ಅನ್ನಿಸುತ್ತದೆ, ಅವಳು ಆ ಕಡೆ ತಿರುಗಿ, "ಗೆರಿ ಬರೋಬ್ಬರ ಇತ್ತೋ ಯಪ್ಪಾ. ನಮ್ಮ ಅರ್ಜುನನ ಲೆಕ್ಕಾ ತಪ್ಪಿಲ್ಲ, ಹೊಳೀನ ತಪ್ಪೇತಿ" ಎಂದಳು. ಬಹಳ ಸಲ ಹೇಳಿ ಸವೆದ ಮಾತಿನಂತೆ ಅದು ಸಲೀಸಾಗಿ ಬಂತು.

ವಿಹಾರದ ಗೋಡೆಯ ಮೇಲೆ ನೀಲಿ ಗೆರೆ ಇನ್ನೂ ಇತ್ತು, ಅರ್ಧ ಉದುರಿ. ಅದರಿಂದ ಎರಡಡಿ ಮೇಲೆ ಕೆಸರಿನ ಕಲೆ, ಸುಣ್ಣದ ಕೆಳಗಿಂದ ಹಾಯ್ದು ಬಂದ ಹಳದಿ ಪಟ್ಟಿ. ಒಂದು ಅವನದು, ಒಂದು ಹೊಳೆಯದು. ಈಗ ಹೇಳಬೇಕು, ಇಷ್ಟೂ ಮಂದಿಯ ಮುಂದೆಯೇ ಹೇಳಬೇಕು ಎಂದುಕೊಂಡು ಅವನು ಬಾಯಿ ತೆರೆದ.

"ಅತ್ತಿ, ಮಾವ ಹೇಳಿದ್ದು ಖರೆ ಇತ್ತು. ನಾ ಹೇಳಿದ್ದು..."

"ಸುಮ್ಮಿರು."

ಅಷ್ಟು ಗಟ್ಟಿಯಾಗಿ ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಎದ್ದು ಬಂದು ಅವನ ಮೊಣಕೈ ಹಿಡಿದು ಗೋಡೆಯ ಹತ್ತಿರಕ್ಕೆ, ಉಳಿದವರಿಂದ ನಾಲ್ಕು ಹೆಜ್ಜೆ ಆಚೆಗೆ, ಕರೆದುಕೊಂಡು ಹೋದಳು. ಕೈ ಒಣಗಿದ ಕಟ್ಟಿಗೆಯ ಹಾಗೆ ಹಗುರಾಗಿತ್ತು, ಹಿಡಿತ ಮಾತ್ರ ಬಿಗಿ.

"ದೋಣಿ ಬಂದಿತ್ತ ಅವತ್ತ, ಗೊತ್ತೈತಿಲ್ಲ ನಿನಗ? ಮನಿ ಬಾಗಲಕ್ಕ ಬಂದಿತ್ತು. ಅಂವ ಎದ್ದ ನಿಂತಿದ್ದ. ನಡಿಯ, ಹೊಳಿ ಮತ್ತ ಬಂತು, ನಾ ಹೇಳಿದ್ನಿಲ್ಲ ಅಂದ. ಎರಡ ಸಲ ಅಂದ. ನಾನ ಕೂಡಸಿದ್ನೆಪಾ. ನಮ್ಮ ಮನಿ ಗೆರಿ ಮ್ಯಾಲ ಐತಿ, ಅರ್ಜುನ ಹೇಳ್ಯಾನ, ಅವನಕಿಂತ ನೀ ಶ್ಯಾಣ್ಯಾ ಏನು, ಹೊಳಿಗೇನ ಕಣ್ಣ ಅದಾವೇನು ಅಂದೆ. ದೋಣಿಯವ್ರು ನಕ್ಕರು. ಅಂವನೂ ನಕ್ಕು ಕುಂತ."

ಬೇವಿನ ಮರದಲ್ಲಿ ಒಂದು ಕಾಗೆ ಕೂಗುತ್ತಿತ್ತು. ಅರ್ಜುನನಿಗೆ ಅದರ ಕೂಗು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಹದಿನಾಲ್ಕು ವರ್ಷ ಹಳೆಯ ತನ್ನ ಚೇಷ್ಟೆಯ ಮಾತು ತಾನಿಲ್ಲದ ದಿನ, ತಾನಿಲ್ಲದ ಮನೆಯಲ್ಲಿ, ದೋಣಿಯೊಂದನ್ನು ಬರಿದೇ ಕಳಿಸಿತ್ತು.

"ನೀ ತಪ್ಪಿದಿ ಅಂದ್ರ," ಎಂದಳು ಗುಡ್ಡವ್ವ, ದನಿ ಇಳಿಸಿ, "ಅವನ್ನ ಕೊಂದಾಕಿ ನಾ ಆಗ್ತೀನಿ. ನಿನಗೇನು, ಹಗರ ಆಗತೈತಿ, ಹೇಳಿ ಬಸ್ ಹತ್ತಿ ಹೋಗ್ತಿ. ನಾ ಎಲ್ಲಿ ಹೋಗ್ಲಿ?"

"ಆತು, ಹೇಳೂದಿಲ್ಲ" ಎಂದ ಅವನು. ತನ್ನ ದನಿ ಗೋಗರೆಯುತ್ತಿದೆ ಎಂಬುದು ಅವನಿಗೇ ಕೇಳಿಸಿತು. "ತಪ್ಪು ಬ್ಯಾಡ, ಸರಿ ಬ್ಯಾಡ. ಸುಮ್ಮನ ಮಡ್ಡಿಗಿ ಹೋಗು ಅತ್ತಿ. ಸಹಿ ಹಾಕು. ಇನ್ನೊಮ್ಮೆ ಎಷ್ಟ ನೀರ ಬರತೈತಿ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅದಕ್ಕ ಹೋಗು ಅನ್ನಾಕತ್ತೇನಿ."

"ಗೊತ್ತಿಲ್ಲ ಅನ್ನಾಕ ಅಷ್ಟ ವರ್ಷ ಸಾಲಿ ಕಲತೇನು?" ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಣ್ಣ ಮಗುವಿನ ಹಟಕ್ಕೆ ಬೇಸರಗೊಂಡವಳ ದಣಿವು ಇತ್ತು. "ಈಗ ಮಡ್ಡಿಗಿ ಹೋದ್ರ, ಅವತ್ತ ಯಾಕ ಹೋಗಲಿಲ್ಲ ಅಂತ ಅಂವ ಕೇಳ್ತಾನ. ದಂಡಿ ಮ್ಯಾಲ ಮಲಗ್ಯಾನ, ಬರೂ ಹೋಗೂವಾಗ ಕೇಳ್ತಾನ. ನಾ ಇಲ್ಲೇ ಇರಬೇಕು. ಗೆರಿ ಮ್ಯಾಲ ಇದ್ದು ತೋರಸಬೇಕು. ನೀ ಬರೇ ಎಷ್ಟ ಎತ್ತರ ಅನ್ನೂದ ಹೇಳು."

ಕಾಗದದ ಚೀಲ ಅವಳ ಕಂಕುಳಲ್ಲಿತ್ತು. ಅವಳು ಅದನ್ನು ಅವನಿಗೆ ತೋರಿಸಬೇಕೆಂದು ಕರೆಸಿರಲೇ ಇಲ್ಲ. ಆರು ವರ್ಷ ಅವನು ಬಾಯಲ್ಲಿ ಇಟ್ಟುಕೊಂಡ ಮೂರು ಮಾತು ಅವಳಿಗೆ ಮದ್ದಾಗುತ್ತದೆ ಎಂದು ತಿಳಿದಿದ್ದ, ಈಗ ನೋಡಿದರೆ ಅದು ಅವನೊಬ್ಬನ ಹೊಟ್ಟೆನೋವಿನ ಮದ್ದು. ಎಳೆದು ತಂದಾದರೂ ಸಹಿ ಹಾಕಿಸಬೇಕು, ಪಂಚಾಯ್ತಿಯವರು ಬಂದಾಗ ನಾನೇ ಮಾತಾಡಬೇಕು, ಕಾಲು ಹಿಡಿಯಬೇಕು, ಇವೆಲ್ಲ ಅವನ ತಲೆಯಲ್ಲಿ ಬಂದುಹೋದವು. ಒಂದೂ ಕಾಲಿಗೆ ಇಳಿಯಲಿಲ್ಲ. ಗೋಡೆಗೆ ಬೆನ್ನು ಆನಿಸಿ ನಿಂತ. ಬೆನ್ನಿಗೆ ಸುಣ್ಣ ಹತ್ತುವುದು ತಿಳಿಯುತ್ತಿತ್ತು. ಅತ್ತೆ ಕಾಯುತ್ತಿದ್ದಳು. ಬೇವಿನ ನೆರಳಿನವರು ಎದ್ದು ಹತ್ತಿರ ಬಂದರು. ಇಪ್ಪತ್ತು ವರ್ಷದ ಹಿಂದೆ ತಿರುಗಿ ನೋಡಿದ್ದ ಹಾಗೆಯೇ ಎಲ್ಲರೂ ಅವನ ಬಾಯನ್ನು ನೋಡುತ್ತಿದ್ದರು.

"ಮಡ್ಡಿಗಿ ಹೋಗ್ರಿ" ಎಂದ ಅವನು ಎಲ್ಲರಿಗೂ. ಅದು ಮಾತಾಗಿ ಬರದೆ ಕೆಮ್ಮಿನ ಹಾಗೆ ಬಂತು. ಸರ್‌ಗೆ ಬಿಸಿಲು ತಾಗಿದೆ ಎಂದು ಯಾರೋ ಇನ್ನೊಂದು ಚೊಂಬು ನೀರು ತಂದರು.

ಹನಮಂತ ತುಸು ಹೊತ್ತು ನೋಡಿದ. ಗೌಂಡಿ ಜನಕ್ಕೆ ಕಾಯಲು ಪುರಸೊತ್ತಿಲ್ಲ, ಹೊತ್ತು ಇಳಿಯುವುದರೊಳಗೆ ದಾರ ಕಟ್ಟಬೇಕು. ಕಿವಿಯ ಪೆನ್ಸಿಲು ತೆಗೆದು, "ಸರ್ ನಿಂತದ್ದ ಬರೋಬ್ಬರಿ ಐತಿ" ಎಂದ. "ಹಿಂದಿನ ಮಂದಿ ಹೊಳಿ ಅಳ್ಯಾಕ ಮೀಟರ್ ಹಿಡದಿದ್ರೇನು? ಭೀಮಶಿ ಕಾಕಾ ತನ್ನ ಮೈಯಿಂದನ ಅಳೀತಿದ್ದ. ಹಂಗ ಒಂದಾಳು ಹಿಡಿಯೂಣು. ನೀರ ಬಂದದ್ದು ಕೊರಳಮಟ, ನಾವು ನೆತ್ತಿಮಟ ಎಬ್ಬಿಸೂಣು. ಏನಂತಿ ಗುಡ್ಡವ್ವಕ್ಕಾ?"

ಗುಡ್ಡವ್ವ ಅರ್ಜುನನ ಕಡೆ ನೋಡಿದಳು. "ಅಷ್ಟ ಸಾಕೇನಪಾ?"

ಕೊರಳಿಗೂ ನೆತ್ತಿಗೂ ನಡುವೆ ಒಂದೂಕಾಲು ಗೇಣು. ಸಾಲದು ಎನ್ನಬೇಕಿತ್ತು. ಎಷ್ಟಾದರೆ ಸಾಕು ಎಂದು ಅವಳು ಮತ್ತೆ ಕೇಳುತ್ತಿದ್ದಳು, ಅದಕ್ಕೆ ಅವನಲ್ಲಿ ಇದ್ದದ್ದು ಒಂದು ಕಸಬರಿಗೆ ಮಾತ್ರ. ಅವನು ಸುಮ್ಮನಿದ್ದ. ಸುಮ್ಮನಿದ್ದದ್ದು ಹೂಂ ಎಂದಾಯಿತು. ಗುಡ್ಡವ್ವ ಶಾಲನ್ನು ಮಡಚಿ ಕಾಗದದ ಚೀಲದ ಮೇಲೆ ಇಟ್ಟಳು, ಅವಳ ಮುಖ ಅಷ್ಟು ಹಗುರಾದದ್ದನ್ನು ಅವನು ಆರು ವರ್ಷದಲ್ಲಿ ನೋಡಿರಲಿಲ್ಲ.

ಹನಮಂತ ಹತ್ತಿರ ಬಂದು ಅವನ ಗದ್ದ ಹಿಡಿದು ತಲೆಯನ್ನು ನೆಟ್ಟಗೆ ಮಾಡಿದ, ಗಾರೆ ಮೆತ್ತುವ ಕರಣಿಯ ಚಪ್ಪಟೆ ಮೈಯನ್ನು ನೆತ್ತಿಯ ಮೇಲೆ ಅಡ್ಡ ಇಟ್ಟ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಹಳದಿ ಕಲೆ ತನ್ನ ಕೊರಳ ಹಿಂದೆ ಇದೆ, ನೀಲಿ ಗೆರೆ ಟೊಂಕದ ಹಿಂದೆ ಇದೆ, ಕಾಣದ ಆ ಕಡ್ಡಿ ಎಲ್ಲೋ ತಲೆಯ ಮೇಲೆ ಇದೆ ಎಂದು ಅವನು ಯೋಚಿಸುತ್ತಿದ್ದ. ಪೆನ್ಸಿಲು ಗೋಡೆಗೆ ತಾಗಿದ್ದು ಕೇಳಿಸಿತು, ಗೆರೆ ಎಳೆದದ್ದು ಕೇಳಿಸಲಿಲ್ಲ. ಹನಮಂತ ಬಗ್ಗಿ ಕೆಳಗೆ ಏನನ್ನೋ ನೋಡುತ್ತಿದ್ದ. ಆಮೇಲೆ ಎದ್ದು, ಸರ್‌ಗೆ ಹೀಗೆ ಹೇಳಬೇಕಾಗಿ ಬಂತಲ್ಲ ಎಂಬ ಸಂಕೋಚದಿಂದ, ಮೆಲ್ಲಗೆ ಹೇಳಿದ.

"ಸರ್, ಹಿಮ್ಮಡ ಎತ್ತೀರಿ. ಇಳಸ್ರಿ. ಅಳತಿ ತಪ್ಪತೈತಿ."

ಅರ್ಜುನ ಕೆಳಗೆ ನೋಡಿದ. ಖರೆ, ತುದಿಗಾಲ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದಲೋ, ಮೀನಖಂಡ ನಡುಗುತ್ತಿತ್ತು. ಎಲ್ಲರೂ ಅವನ ಕಾಲು ನೋಡುತ್ತಿದ್ದರು. ಅವನು ಹಿಮ್ಮಡ ಇಳಿಸಿದ.